ಐದು ಗೋಡೆ, ಸೊಂಟದುದ್ದ ನೀರು

“ಗಟ್ಟಿ ಹಿಡ್ಕೊಳ್ಳಿ ಸಾರ್, ಮುಂದೆ ಗುಂಡಿ ಐತೆ!”

ಡ್ರೈವರ್ ಕೂಗಿದ್ದೇ ತಡ, ಟ್ರ್ಯಾಕ್ಟರಿನ ಟ್ರೇಲರ್ ಎಡಕ್ಕೆ ವಾಲಿತು. ನನ್ನ ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಟ್ರೇಲರಿನ ಕಬ್ಬಿಣದ ಸರಳು. ಹಲ್ಲಿನ ನಡುವೆ ಪ್ಲಾಸ್ಟಿಕ್ ಕವರ್, ಅದರೊಳಗೆ ರೆಸ್ಯೂಮೆಯ ಎರಡು ಪ್ರತಿ. ಕಂದು ನೀರು ಟ್ರೇಲರಿನ ಅಂಚಿಗೆ ಬಡಿದು ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಚಿಮ್ಮಿತು. ನಮ್ಮ ಪಕ್ಕದಲ್ಲೇ ಒಂದು ಕಾರಿನ ಚಾವಣಿ ಮಾತ್ರ ಕಾಣುತ್ತಿತ್ತು.

2022ರ ಸೆಪ್ಟೆಂಬರ್ 6, ಮಂಗಳವಾರ. ಸ್ಥಳ ಬೆಂಗಳೂರಿನ ಯಮಲೂರು. ಟಿಕೆಟ್ಟು ತಲೆಗೆ ಐವತ್ತು ರೂಪಾಯಿ.

ಭಾನುವಾರ ಬೆಳಗಿನಿಂದ ಸೋಮವಾರ ಬೆಳಗಿನೊಳಗೆ ಬೆಂಗಳೂರಿನ ಮೇಲೆ 131.6 ಮಿ.ಮೀ. ಮಳೆ ಸುರಿದಿತ್ತು. ರಾಜಕಾಲುವೆ ಹರಿಯಬೇಕಾದ ಕಡೆ ನಾವು ಮನೆ ಕಟ್ಟಿಕೊಂಡಿದ್ದೆವು. ನೀರು ಹೋಗಲು ಜಾಗ ಸಿಗದೆ ಔಟರ್ ರಿಂಗ್ ರೋಡಿನಲ್ಲೇ ಬಿಡಾರ ಹೂಡಿತ್ತು. ಸೋಮವಾರ ಸಂಜೆಯೇ ಎಚ್‌ಆರ್‌ಗೆ ಫೋನ್ ಮಾಡಿದ್ದೆ. “ಮೇಡಂ, ಇಂಟರ್‌ವ್ಯೂ ಆನ್‌ಲೈನ್‌ನಲ್ಲಿ ಮಾಡೋಕಾಗುತ್ತಾ?” “ಇಲ್ಲ, ಪ್ಯಾನೆಲ್‌ನವರು ಖುದ್ದಾಗಿ ನೋಡಬೇಕಂತೆ. ಹತ್ತೂವರೆಗೆ ಬಂದ್ಬಿಡಿ.” ನಾಲ್ಕು ತಿಂಗಳಿಂದ ಕೆಲಸವಿಲ್ಲದವನ ಬಾಯಿಗೆ ‘ಆಗಲ್ಲ’ ಅನ್ನೋ ಮಾತು ಬರೋದಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಟ್ರ್ಯಾಕ್ಟರ್ ನಿಂತಿತು. ಮುಂದಿನ ದಾರಿ ಕಾಲ್ನಡಿಗೆಯದು. ನೀರು ಮೊಣಕಾಲು ದಾಟಿತು, ತೊಡೆ ದಾಟಿತು, ಸೊಂಟಕ್ಕೆ ಬಂತು. ಲ್ಯಾಪ್‌ಟಾಪ್ ಬ್ಯಾಗನ್ನು ತಲೆಯ ಮೇಲೆ ಹೊತ್ತೆ. ಕಾಣದ ನೆಲವನ್ನು ಹೆಬ್ಬೆರಳಿಂದ ತಡವುತ್ತಾ ಒಂದೊಂದೇ ಹೆಜ್ಜೆ ಇಟ್ಟೆ. ಮ್ಯಾನ್‌ಹೋಲ್ ಬಾಯಿಗೆ ಯಾರೋ ಪುಣ್ಯಾತ್ಮರು ಮರದ ಕೊಂಬೆ ಸಿಕ್ಕಿಸಿದ್ದರು. ಅದೊಂದು ಇಲ್ಲದಿದ್ದರೆ ಈ ಕಥೆ ಬೇರೆ ಯಾರಾದರೂ ಬರೆಯಬೇಕಿತ್ತು. ಎಡವಿದೆ, ಮುಳುಗಿದ್ದ ಸ್ಕೂಟರಿನ ಹ್ಯಾಂಡಲ್ ಕೈಗೆ ಸಿಕ್ಕಿತು, ಬದುಕಿದೆ!

ಗೇಟಿನಲ್ಲಿ ಸೆಕ್ಯುರಿಟಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಾತಾಡದೆ ಹಳೇ ಪೇಪರ್ ಚಾಚಿದರು. ರಿಜಿಸ್ಟರಿನಲ್ಲಿ ಬರೆದ ಹೆಸರು ಒದ್ದೆ ಕೈ ತಾಗಿ ಹರಡಿಹೋಯಿತು. ಲಿಫ್ಟ್ ಬಂದ್. ಆರು ಮಹಡಿ ಹತ್ತಿದೆ. ಗಂಟೆ ಹತ್ತು ಇಪ್ಪತ್ತೇಳು. ಗೆದ್ದೆ!

ರೂಮಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಟಿವಿಯಲ್ಲಿ ಮುಖವೊಂದು ಮೂಡಿತು. “ಸಾರಿ, ನಮ್ಮ ಏರಿಯಾದಲ್ಲಿ ಸಿಕ್ಕಾಪಟ್ಟೆ ನೀರು. ಮನೆಯಿಂದಲೇ ಜಾಯಿನ್ ಆಗಿದೀನಿ. ಪ್ರಶ್ನೆಗೆ ಹೋಗೋಣ್ವಾ? ಸಾಲಾಗಿ ಗೋಡೆಗಳಿವೆ, ಒಂದೊಂದರ ಎತ್ತರ ಒಂದೊಂದು. ಮಳೆ ಬರುತ್ತೆ. ನಡುವೆ ಎಷ್ಟು ನೀರು ನಿಲ್ಲುತ್ತೆ?”

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಗೋಡೆಗಳ ಎತ್ತರವೆಂದು ಬೋರ್ಡಿನ ಮೇಲೆ ಐದು ಅಂಕಿ ಬರೆದೆ: 3, 0, 2, 0, 4. ನಾಲ್ಕು ಬರೆಯುವಷ್ಟರಲ್ಲಿ ಮಾರ್ಕರ್ ಒಣಗಿತು. ಆ ದಿನ ನನ್ನ ಕಣ್ಣಿಗೆ ಬಿದ್ದ ಒಣ ವಸ್ತು ಅದೊಂದೇ. “ಸ್ವಲ್ಪ ಎಡಕ್ಕೆ ಸರೀರಿ, ಬೋರ್ಡ್ ಕಾಣ್ತಿಲ್ಲ.” ಸರಿದೆ. ಒದ್ದೆ ಶರ್ಟಿನ ಮೇಲೆ ಎಸಿ ಗಾಳಿ, ಹಲ್ಲು ಕಟಕಟ. ಇನ್ನೊಂದು ಮಾರ್ಕರ್ ಹಿಡಿದು ಕೋಡ್ ಶುರುಮಾಡಿದೆ. ಲೂಪಿನೊಳಗೆ ಲೂಪ್ ಬರೆದೆ, ಅಳಿಸಿದೆ. “ಜೋರಾಗಿ ಯೋಚನೆ ಮಾಡಿ, ನನಗೂ ಕೇಳಿಸಲಿ.” ಯೋಚನೆ ಇದ್ದರೆ ತಾನೇ ಕೇಳಿಸೋದು! ಪರದೆಯ ಆ ಎರಡು ಕಣ್ಣು ನನ್ನ ಬೆನ್ನಿಗೇ ಅಂಟಿದ್ದವು. ಸೊಂಟದುದ್ದ ನೀರಲ್ಲಿ ಕೊಚ್ಚಿಹೋಗದವನು ಐದು ಅಂಕಿಗಳ ನಡುವೆ ಮುಳುಗಿಹೋದೆ. ನಲವತ್ತೈದು ನಿಮಿಷ ಮುಗಿಯಿತು. “ತಿಳಿಸ್ತೀವಿ,” ಅಂದರು. ಪರದೆ ಆರಿತು.

ಇದು ನನ್ನೊಬ್ಬನ ಹಣೆಬರಹವಲ್ಲ ಎಂದು ಆಮೇಲೆ ಓದಿ ತಿಳಿಯಿತು. 2020ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಇಂಥದ್ದೇ ಪರೀಕ್ಷೆ ಕೊಟ್ಟಿದ್ದರು. ಅರ್ಧ ಜನ ಒಂಟಿಯಾಗಿ ಬರೆದರು, ಉಳಿದವರು ನೋಡುವವರ ಎದುರು. ನೋಡುವ ಕಣ್ಣಿದ್ದವರ ಸಾಧನೆ ಅರ್ಧಕ್ಕಿಂತ ಕೆಳಗಿಳಿದಿತ್ತು.

ಮತ್ತೆ ನೀರು, ಮತ್ತೆ ಕೊಂಬೆ, ಮತ್ತೆ ಅದೇ ಟ್ರ್ಯಾಕ್ಟರ್. ಯಮಲೂರಿನ ತಿರುವಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡ್ ಕಂಡಿತು. ಒಳಗೆಲ್ಲ ಕೆರೆ. ಒಂದು ಬದಿಯ ಗೋಡೆ ಆಳೆತ್ತರ, ಇನ್ನೊಂದು ಬದಿಯದು ಗಿಡ್ಡ. ಗಿಡ್ಡ ಗೋಡೆಯ ನೆತ್ತಿಗೆ ಮುಟ್ಟಿದ ನೀರು ತುಳುಕಿ ರಸ್ತೆಗಿಳಿಯುತ್ತಿತ್ತು. ಆಳೆತ್ತರದ ಗೋಡೆ ಇದ್ದೂ ಪ್ರಯೋಜನವಿಲ್ಲ. ನೀರಿನ ಮಟ್ಟ ಹೇಳುವುದು ಗಿಡ್ಡದ್ದೇ!

ಎದೆ ಧಸಕ್ಕೆಂದಿತು. ಬೋರ್ಡಿನ ಆ ಗೋಡೆಗಳಲ್ಲಿ ಎಡಕ್ಕೆ ಅತಿ ಎತ್ತರದ್ದು ಮೂರು, ಬಲಕ್ಕೆ ನಾಲ್ಕು. ಗಿಡ್ಡದ್ದು ಮೂರು. ಅದರಲ್ಲಿ ಆಯಾ ಜಾಗದ ಎತ್ತರ ಕಳೆ. ಸೊನ್ನೆಯ ಮೇಲೆ ಮೂರು, ಎರಡರ ಮೇಲೆ ಒಂದು, ಇನ್ನೊಂದು ಸೊನ್ನೆಯ ಮೇಲೆ ಮೂರು. ಎಡಬಲದಿಂದ ಒಂದೊಂದು ಬೆರಳು ಸರಿಸುತ್ತಾ ಬಂದರೆ ಒಂದೇ ಲೂಪ್ ಸಾಕು!

“ಏಳು!” ಎಂದು ಕಿರುಚಿದೆ.

ಟ್ರೇಲರಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಗಾಬರಿಬಿದ್ದು ಎದ್ದು ನಿಂತರು.