ಏಕಾಂಗಿಯ ಕ್ಯಾಸೆಟ್ಟು

ಒಮ್ಮೆ ಕೈಬಿಟ್ಟದ್ದನ್ನು ಮತ್ತೆ ಎತ್ತಿಕೊಂಡು ನೋಡುವುದು ನಮ್ಮ ಹಟ್ಟಿಗೆ ಹೊಸ ಅಭ್ಯಾಸವೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ಯಾರೋ ಪುಣ್ಯಾತ್ಮರು ಈ ನೆಲವನ್ನು ಬಗೆದು, ಕಲ್ಲಿಗೆ ಬೆಂಕಿಯಿಟ್ಟು ಕಾಯಿಸಿ, ನೀರೆರೆದು ಸೀಳಿ, ಆರುನೂರು ಅಡಿಗೂ ಆಳಕ್ಕೆ ಇಳಿದಿದ್ದರಂತೆ. ಅವರು ಬಿಟ್ಟುಹೋದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರ ಕಂಪನಿಯೊಂದು ಬಂತು. ಅದೂ ಕೆಲಕಾಲ ತೋಡಿ ಬಿಟ್ಟುಹೋಯಿತು. 1947ರಲ್ಲಿ, ನಿಜಾಮರ ಆಳ್ವಿಕೆಯ ಕೊನೆಗಾಲಕ್ಕೆ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಮತ್ತೊಂದು ಕಂಪನಿ ಹುಟ್ಟಿತು. ಅದೇ ಹೆಸರು ಬದಲಿಸಿಕೊಂಡು ಇವತ್ತಿಗೂ ನಮಗೆ ಅನ್ನ ಹಾಕುತ್ತಿದೆ. ಇಲ್ಲೇ ನೆರೆಯ ಮಸ್ಕಿಯಲ್ಲಿ ಅಶೋಕನ ಶಾಸನವೊಂದು ದನ ಕಾಯುವವರ ಕಣ್ಣೆದುರಿಗೇ ಶತಮಾನಗಳ ಕಾಲ ಸುಮ್ಮನೆ ಬಿದ್ದಿತ್ತು. 1915ರಲ್ಲಿ ಅದನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಆ ಕಲ್ಲಿನಿಂದ ಖಚಿತವಾಯಿತೆಂದು ಶಾಲೆಯಲ್ಲಿ ಮಕ್ಕಳಿಗೆ ವರ್ಷವರ್ಷವೂ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಬಂಗಾರ ಹುಡುಕಲು ಹೋದವರಿಗೆ ಅರಸನ ಹೆಸರು ಸಿಕ್ಕಿತು!

ಆದರೆ ನಾನೀಗ ಹೇಳಹೊರಟಿರುವುದು ಚಿನ್ನದ ಮಾತೂ ಅಲ್ಲ, ಅಶೋಕನ ಮಾತೂ ಅಲ್ಲ. ಒಂದು ಸಿನಿಮಾ ಕ್ಯಾಸೆಟ್ಟಿನ ಮಾತು. ಇಷ್ಟು ದೊಡ್ಡ ಪೀಠಿಕೆಗೆ ಇಷ್ಟು ಸಣ್ಣ ವಸ್ತುವೇ ಎಂದು ವಾಚಕರು ನಗಬಹುದು. ನಗಲಿ. ಕಳೆದ ಬೇಸಿಗೆಯಿಡೀ ನಮ್ಮ ಮನೆಯ ಕಟ್ಟೆಯ ಮೇಲೆ ನಡೆದ ವಾದವಿವಾದಗಳನ್ನು ಕೇಳಿದ್ದರೆ ಅವರಿಗೂ ಅದು ಅಷ್ಟು ಸಣ್ಣದೆನ್ನಿಸುತ್ತಿರಲಿಲ್ಲ.

2002ರಲ್ಲಿ ರವಿಚಂದ್ರನ್ ಅವರ 'ಏಕಾಂಗಿ' ಬಂತು. ನಾಯಕರು ಅವರೇ, ನಿರ್ದೇಶಕರು ಅವರೇ, ಸಂಗೀತವೂ ಅವರದೇ. ಜೊತೆಗೆ ರಮ್ಯಾಕೃಷ್ಣ, ಪ್ರಕಾಶ್ ರೈ. ಗಾಜಿನ ಮನೆಯ ಭಾರಿ ಸೆಟ್ಟು ಹಾಕಿದ್ದಾರಂತೆ ಎಂಬ ಸುದ್ದಿ ಬೆಂಗಳೂರಿನಿಂದ ಹಟ್ಟಿಯವರೆಗೂ ಹರಡಿತ್ತು. ಚಿತ್ರ ಸೋತಿತು. ಆ ಸೋಲನ್ನು ಅವರೇ ಮುಂದೆ ಎಷ್ಟೋ ಸಲ ನೋವಿನಿಂದ ನೆನೆದುಕೊಂಡದ್ದುಂಟು. ಹೊಸ ಹುಡುಗರು ಈಗ ಹೇಳುವುದೇನೆಂದರೆ, ಚಿತ್ರ ಸೋತದ್ದು ಸೋತಿತು, ಹಾಡುಗಳನ್ನು ಜೊತೆಗೆ ಹೂತದ್ದು ಅನ್ಯಾಯ. ಕಾಲಕ್ಕಿಂತ ಇಪ್ಪತ್ತು ವರ್ಷ ಮುಂದಿದ್ದ ಸಂಗೀತ ಅದು. ಕನ್ನಡಿಗರು ಅದಕ್ಕೆ ಋಣಿಗಳಾಗಿದ್ದಾರೆ, ಇನ್ನೂ ತೀರಿಸಿಲ್ಲ. ಹೀಗೆಲ್ಲ.

ಕನ್ನಡದಲ್ಲಿ ಹಾಡು ಸ್ವತಂತ್ರವಾಗಿ ಬದುಕುವುದು ಕಷ್ಟ. ಭಾವಗೀತೆಗಳನ್ನೂ ದೇವರನಾಮಗಳನ್ನೂ ಬಿಟ್ಟರೆ ಉಳಿದದ್ದೆಲ್ಲ ಸಿನಿಮಾದ ಮನೆಯ ಮಗಳೇ. ಅಪ್ಪ ಸಾಲಗಾರನಾದರೆ ಮಗಳ ಮುಖವನ್ನು ಯಾರೂ ನೋಡುವುದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಹಾಡುಗಳು ಚಿತ್ರಕ್ಕಿಂತ ಮೊದಲೇ ಅಂಗಡಿಗೆ ಬರುತ್ತಿದ್ದವು ನಿಜ. ಆದರೆ ಅದು ವಧುಪರೀಕ್ಷೆಯಿದ್ದಂತೆ, ಲಗ್ನವಾಗುವುದು ಟಾಕೀಸಿನಲ್ಲೇ. ಲಿಂಗಸೂಗೂರಿಗೆ ಬಸ್ಸು ಹಿಡಿದು ಹೋಗಿ ಸಿನಿಮಾ ನೋಡಿ ಬಂದವರು ಮುಖ ಹುಳ್ಳಗೆ ಮಾಡಿಕೊಂಡು ಬಂದರೆ, ಮಾರನೆಯ ದಿನ ಕ್ಯಾಂಪಿನ ಹೋಟೆಲಿನಲ್ಲಿ ಆ ಕ್ಯಾಸೆಟ್ಟು ಬಾಯಿ ಮುಚ್ಚುತ್ತಿತ್ತು.

ಇನ್ನೊಂದು ಕಾರಣವೂ ಇತ್ತು. ನನಗೆ ಅದೇ ಮುಖ್ಯವೆಂದು ತೋರುತ್ತದೆ. ರವಿಚಂದ್ರನ್ ಎಂದೊಡನೆ ಜನರ ಕಿವಿ ಹಂಸಲೇಖರನ್ನು ನಿರೀಕ್ಷಿಸುತ್ತಿತ್ತು. 1987ರ 'ಪ್ರೇಮಲೋಕ', ಮರುವರ್ಷದ 'ರಣಧೀರ', 1991ರ 'ರಾಮಾಚಾರಿ' ಎಂದರೆ ಒಂದಿಡೀ ತಲೆಮಾರಿನ ಹರೆಯ. ಹಂಸಲೇಖರ ಹಾಡಿನಲ್ಲಿ ಮಾತು ಮಾತಿಗೂ ಚಿವುಟುತ್ತದೆ, ಪ್ರಾಸ ಪ್ರಾಸಕ್ಕೂ ಕಣ್ಣು ಹೊಡೆಯುತ್ತದೆ. ಗಾದೆ, ಒಗಟು, ತಮಟೆ ಎಲ್ಲವೂ ಅಲ್ಲಿ ಕುಣಿಯುತ್ತವೆ. ಆ ಜೋಡಿ ಒಡೆದ ಮೇಲೆ ಬಂದದ್ದು 'ಏಕಾಂಗಿ'. ಅದರಲ್ಲಿ ಮಾತು ಕಡಿಮೆ, ಖಾಲಿ ಜಾಗ ಹೆಚ್ಚು. ಯಾರೋ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತ ಹೋಗಿ ಅದು ರಾಗಕ್ಕೆ ತಿರುಗಿದಂತೆ. ಹಬ್ಬದೂಟಕ್ಕೆ ಕೂತವನ ಎಲೆಗೆ ಗಂಜಿ ಬಡಿಸಿದರೆ ಗಂಜಿಯ ರುಚಿ ತಿಳಿಯುವುದೇ? ಅದೂ ಅಲ್ಲದೆ ಅದೇ ವರ್ಷ ಪುನೀತ್ ಅವರ 'ಅಪ್ಪು' ಬಂತು, ಗುರುಕಿರಣ್ ಅವರ ಸಂಗೀತ ಊರೂರನ್ನು ಕುಣಿಸಿತು. ನಮ್ಮ ರಾಯಚೂರು ಸೀಮೆಯಲ್ಲಂತೂ ಕನ್ನಡದ ಕ್ಯಾಸೆಟ್ಟಿಗೆ ತೆಲುಗು, ಹಿಂದಿ ಎರಡೂ ಕಡೆಯಿಂದ ಒತ್ತು. ಅಂಗಡಿಯ ಮುಂದಿನ ಸಾಲಿನಲ್ಲಿ ತೆಲುಗಿನವು ಹೊಳೆಯುತ್ತಿದ್ದವು; ಸೋತ ಕನ್ನಡ ಚಿತ್ರದ ಕ್ಯಾಸೆಟ್ಟು ಎಲ್ಲಿರುತ್ತಿತ್ತೆಂದು ಹೇಳಬೇಕಾಗಿಲ್ಲ.

"ಆಗಿನ ಮಂದಿಗೆ ಕಿವೀನ ಇರಲಿಲ್ಲೇನ್ರಿ, ಸರ?" ಎಂದು ನನ್ನನ್ನು ಕೇಳಿದವನು ಎದುರು ಮನೆಯ ಹುಡುಗ, ಎಂಜಿನಿಯರಿಂಗ್ ಓದುತ್ತಾನೆ. "ಇತ್ತಪ್ಪ, ಅದರೊಳಗೆ ಬೇರೆ ಹಾಡು ತುಂಬಿತ್ತು" ಎಂದೆ. ಅವನ ಗೆಳೆಯನೊಬ್ಬ ಗಣಿಯಲ್ಲೇ ಗುತ್ತಿಗೆಯ ಕೆಲಸದಲ್ಲಿದ್ದಾನೆ. ಇನ್ನೂ ಇಬ್ಬರು ಮೂವರು. ಎಲ್ಲರೂ ಆ ಚಿತ್ರ ಬಂದಾಗ ಹುಟ್ಟಿರಲಿಲ್ಲ, ಇಲ್ಲವೆ ತೊಟ್ಟಿಲಲ್ಲಿದ್ದರು. ಫೋನಿನಲ್ಲಿ ಹಾಡು ಹುಡುಕಿ, ಒಬ್ಬರಿಗೊಬ್ಬರು ಕಳಿಸಿ, ಭಕ್ತಮಂಡಳಿ ಕಟ್ಟಿಕೊಂಡವರು. ಚಿತ್ರವನ್ನು ಪೂರ್ತಿ ನೋಡಿದವನು ಅವರಲ್ಲಿ ಒಬ್ಬನೇ. ಅವನು ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ನನಗೆ ಅವರ ಅದೃಷ್ಟದ ಮೇಲೆ ಅಸೂಯೆ. ಟಿಕೇಟಿನ ಹಣ ಕಳೆದುಕೊಂಡ ಸಿಟ್ಟಿಲ್ಲದೆ, 'ಪ್ರೇಮಲೋಕ'ದ ಹಂಗಿಲ್ಲದೆ, ಬರಿಯ ಹಾಡನ್ನು ಹಾಡಾಗಿ ಕೇಳುವ ಅವಕಾಶ ನಮಗೆ ಯಾರಿಗೂ ಇರಲಿಲ್ಲ.

ನನ್ನ ಮತ ಆಗಲೂ ಈಗಲೂ ಒಂದೇ. ಆ ಕ್ಯಾಸೆಟ್ಟಿನಲ್ಲಿ ಎರಡು ಮೂರು ಹಾಡು ಬಲು ಚೆಲುವಾದವು, ಉಳಿದವು ಕಲ್ಲು. ಹೀಗೆಂದರೆ ಹುಡುಗರು ನನ್ನನ್ನು ದ್ರೋಹಿಯಂತೆ ನೋಡುತ್ತಾರೆ. ಕಲ್ಲು ಎಂದರೆ ಹಟ್ಟಿಯಲ್ಲಿ ಬೈಗುಳವಲ್ಲ ಎಂದು ಅವರಿಗೆ ಯಾರು ಹೇಳಬೇಕು? ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ ಬಂಗಾರ. ಅಷ್ಟು ಬಂದರೆ ಗಣಿಗೆ ಅದು ಒಳ್ಳೆಯ ಕಲ್ಲೇ.

ಗುತ್ತಿಗೆ ಕೆಲಸದ ಹುಡುಗ ಇದಕ್ಕೊಂದು ಜಾಣ ಉತ್ತರ ಕೊಟ್ಟ. 2002ರಲ್ಲಿ 10 ಗ್ರಾಂ ಬಂಗಾರಕ್ಕೆ ಐದು ಸಾವಿರ ರೂಪಾಯಿಯ ಆಸುಪಾಸು. ಅದರ ಹಿಂದಿನ ವರ್ಷವೇ ಕೋಲಾರದ ಗಣಿ ಮುಚ್ಚಿತ್ತು. ನಮ್ಮದೂ ಇನ್ನೆಷ್ಟು ದಿನವೋ ಎಂದು ಇಲ್ಲಿ ಜನ ಪಿಸುಗುಟ್ಟುತ್ತಿದ್ದ ಕಾಲ. 2025ರಲ್ಲಿ ಅದೇ 10 ಗ್ರಾಮಿನ ಬೆಲೆ ಲಕ್ಷ ದಾಟಿತು. ಆಗ ಅರೆದರೆ ಖರ್ಚೂ ಹುಟ್ಟದು ಎಂದು ಬಿಟ್ಟ ಕಲ್ಲು ಈಗ ಅದಿರು ಎನ್ನಿಸಿಕೊಳ್ಳುತ್ತದೆ. "ಕಲ್ಲು ಅದ ಐತ್ರಿ ಸರ, ಬೆಲಿ ಏರೇದ. ಹಾಡಿಗೂ ಹಂಗ. ಈಗ ಎಲ್ಲಾ ಹಾಡೂ ಒದರ್ತಾವ. ಮೆತ್ತಗ ಹಾಡೋದಕ್ಕ ಈಗ ಬೆಲಿ ಬಂದದ."

ಮಾತು ಸೊಗಸಾಗಿತ್ತು. ಕಟ್ಟೆಯ ಮೂಲೆಯಲ್ಲಿ ಕೂತಿದ್ದ ಕಾಕಾ ಮಾತ್ರ ಒಪ್ಪಲಿಲ್ಲ.

ಈ ಕಾಕಾನ ಪರಿಚಯ ಮಾಡಿಕೊಡಬೇಕು. ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು, ಈಗ ನಿವೃತ್ತರು. ನೂರಾರು ಜನರನ್ನು ಕೇಜಿನಲ್ಲಿ ಕೆಳಗಿಳಿಸಿ ಮೇಲೆತ್ತುವ ಯಂತ್ರದ ಮುಂದೆ ಒಬ್ಬರೇ ಕೂರುವ ಕೆಲಸ. ಅಲ್ಲಿ ಹರಟೆ ನಿಷಿದ್ಧ. ಗಂಟೆಯ ಬಡಿತ ಎಷ್ಟೆಂದು ಕಿವಿಗೊಟ್ಟು ಎಣಿಸಬೇಕು: ಇಷ್ಟು ಬಡಿದರೆ ಇಳಿಸು, ಇಷ್ಟಾದರೆ ಎತ್ತು, ಇಷ್ಟಾದರೆ ಒಳಗೆ ಮನುಷ್ಯರಿದ್ದಾರೆ, ಜೋಕೆ. ಒಂದು ಬಡಿತ ತಪ್ಪಿ ಕೇಳಿದರೆ ಗತಿಯೇನು? ಹೀಗೆ ಕಿವಿಯಿಂದಲೇ ಸಂಬಳ ದುಡಿದ ಮನುಷ್ಯ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದರು. ಮನೆಯವರು ಮುದಗಲ್ ಕಡೆಯ ಹಳ್ಳಿಯಲ್ಲಿ, ಅತ್ತೆಯ ಆರೈಕೆಗೂ ಹೊಲದ ಕೆಲಸಕ್ಕೂ ಎಂದು. ಇಲ್ಲಿ ಇವರೊಬ್ಬರೇ, ಒಂದು ಸ್ಟೋವು, ಒಂದು ಟೇಪ್‌ರೆಕಾರ್ಡರು. 'ಏಕಾಂಗಿ' ಸೋತು ಊರೆಲ್ಲ ನಕ್ಕ ಮೇಲೂ ಗೋಡೆಯಾಚೆ ಆ ಕ್ಯಾಸೆಟ್ಟು ಹಾಡುತ್ತಲೇ ಇತ್ತು. ಸಾಲಿನ ಜನ ಇವರಿಗೇ 'ಏಕಾಂಗಿ' ಎಂದು ಹೆಸರಿಟ್ಟರು. ಶಿಫ್ಟಿನ ಹುಡುಗರು ಕೇಜಿನಲ್ಲಿ ನಿಂತು ಆ ಹೆಸರು ಕೂಗಿ ನಗುತ್ತಿದ್ದರಂತೆ. ತಮ್ಮ ಪ್ರಾಣವಿರುವ ಹಗ್ಗ ಅವರ ಕೈಯಲ್ಲಿದೆ ಎಂಬುದನ್ನು ಮರೆತು!

ಈ ಹುಡುಗರಿಗೆ ಕಾಕಾನ ವಿಷಯ ತಿಳಿದದ್ದೇ ತಡ, ಅವರನ್ನು ಪೂಜೆಗೆ ಕೂರಿಸಿಬಿಟ್ಟರು. ಇಪ್ಪತ್ತು ವರ್ಷ ಮೊದಲೇ ಸತ್ಯ ಕಂಡವರು! ಆದರೆ ದೇವರು ಭಕ್ತರ ಮಾತು ಕೇಳುವ ಪೈಕಿಯಲ್ಲ.

"ಬೆಲಿ ಏರಿದ್ರ ಕಲ್ಲು ಅದಿರಾಗೂದು ಖರೆ," ಎಂದರು ಕಾಕಾ. "ಆದ್ರ ಕಲ್ಲಿನ್ಯಾಗಿನ ಬಂಗಾರ ಏನ್ ಹೆಚ್ಚಾಗ್ತದೇನಪಾ? ಇದ್ದಷ್ಟ ಇರ್ತದ. ಆ ಕ್ಯಾಸೆಟ್ನ್ಯಾಗ ಎಲ್ಲಾ ಹಾಡೂ ಚಲೋ ಅಂತ ಯಾರು ಹೇಳ್ಯಾರ ನಿಮಗ? ಕುಣಿಯೋ ಹಾಡು ಬಂದ್ರ ನಾನು ಮುಂದ ಓಡಸ್ತಿದ್ದೆ."

ಹುಡುಗರ ಮುಖ ನೋಡಬೇಕಿತ್ತು. ನಿಂದಕನೆಂದು ನನ್ನನ್ನು ತಳ್ಳಿಹಾಕಬಹುದು. ಕಾಕಾನನ್ನು ಏನು ಮಾಡುವುದು? ಎಂಜಿನಿಯರಿಂಗ್ ಹುಡುಗ ಮೆಲ್ಲಗೆ, "ಮತ್ತ ಆಗ ಮಂದಿ ನಕ್ಕಾಗ ನಿಮಗ ಸಿಟ್ಟು ಬರಲಿಲ್ಲೇನ್ರಿ, ಕಾಕಾ?" ಎಂದ. "ಯಾಕ ಬರಬೇಕು? ನಾನು ಅವರಿಗೆ ಕೇಳಸಾಕ ಹಚ್ಚಿದ್ದಿಲ್ಲಲ್ಲ" ಎಂದರು.

ಮೆಚ್ಚುವುದೆಂದರೆ ಇದೇ ಇರಬಹುದೆಂದು ನನಗೆ ಆಗ ತೋರಿತು. ಹೊಸ ಭಕ್ತರಿಗೆ ಕ್ಯಾಸೆಟ್ಟು ಒಂದು ಮೊಕದ್ದಮೆ. ಗೆಲ್ಲಬೇಕು, ಹಳಬರಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಬೇಕು. ಕಾಕಾನಿಗೆ ಅದು ಮನೆಯ ಪಾತ್ರೆ. ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಸೋರುತ್ತದೆ ಎಂದು ಕೈಗೆ ಗೊತ್ತು. ಹಾಗೆಂದು ಹುಡುಗರದು ಬರಿಯ ಹುಚ್ಚೆಂದು ನಾನು ಹೇಳುವುದಿಲ್ಲ. ಅವರು ಹುಡುಕದಿದ್ದರೆ ಆ ಕ್ಯಾಸೆಟ್ಟಿನ ಸುದ್ದಿಯನ್ನು ಈ ಕಟ್ಟೆಯ ಮೇಲೆ ಎತ್ತುವವರು ಯಾರಿದ್ದರು?

ಅಂತೂ ಒಂದು ಭಾನುವಾರ ಲಿಂಗಸೂಗೂರಿನ ಯಾವುದೋ ರಿಪೇರಿ ಅಂಗಡಿಯಿಂದ ಹಳೆಯ ಟೇಪ್‌ರೆಕಾರ್ಡರೊಂದನ್ನು ಹೊತ್ತು ತಂದರು. ಕಾಕಾ ಟ್ರಂಕಿನಿಂದ ಕ್ಯಾಸೆಟ್ಟು ತೆಗೆದುಕೊಟ್ಟರು, ಟವೆಲಿನಲ್ಲಿ ಸುತ್ತಿಟ್ಟಿದ್ದರು. ಮೇಲಿನ ಕಾಗದದ ಬಣ್ಣ ಹಾರಿ ನಾಯಕನ ಮುಖ ನಾಯಕಿಯ ಮುಖ ಒಂದೇ ಆಗಿತ್ತು. ಸಡಿಲಾದ ಟೇಪನ್ನು ಪೆನ್ಸಿಲು ತೂರಿಸಿ ಸುತ್ತುವ ವಿದ್ಯೆ ಹುಡುಗರಿಗೆ ತಿಳಿಯದು. ಅದನ್ನು ಕಲಿಸಿದ ಗೌರವ ನನ್ನದು.

ಹಾಡು ಬಂತು. ಫೋನಿನಷ್ಟು ಚೊಕ್ಕಟವಲ್ಲ, ಆದರೂ ಬಂತು. ಮೊದಲ ಕಡೆ ಮುಗಿಯಿತು. ಓಡಿಸಿಬಿಡುತ್ತಿದ್ದರೆಂಬ ಕುಣಿತದ ಹಾಡಂತೂ ನಿನ್ನೆ ತುಂಬಿಸಿದ ಹಾಗೆ ಕಣಕಣ ಎಂದಿತು. ಎರಡನೆಯ ಕಡೆಯಲ್ಲಿ ಒಂದು ನಿಧಾನದ ಹಾಡು ಬಂದಾಗ ದನಿ ಇದ್ದಕ್ಕಿದ್ದಂತೆ ಮಂಕಾಯಿತು. ಯಾರೋ ಕಂಬಳಿ ಹೊದ್ದುಕೊಂಡು ಒಳಗಿನಿಂದ ಹಾಡಿದ ಹಾಗೆ. ನಡುವೆ ಎಲ್ಲೋ ತೊದಲಿ ಮುಂದೆ ಹೋಯಿತು. ಮುಂದಿನ ಹಾಡಿಗೆ ಮತ್ತೆ ಸರಿಯಾಯಿತು.

"ಮಶೀನು ಕೆಟ್ಟದ" ಎಂದ ಒಬ್ಬ. ಗುತ್ತಿಗೆ ಕೆಲಸದ ಹುಡುಗ ತಲೆಯಾಡಿಸಿದ. "ಮಶೀನಲ್ಲ. ಟೇಪು ಸವದದ. ಇದೊಂದ ಹಾಡು ಹಾಕಿ ಹಾಕಿ ಸವದದ." ಆಮೇಲೆ ಕಾಕಾನ ಕಡೆ ತಿರುಗಿ, ಗೆದ್ದವನಂತೆ, "ನಿಮಗ ಭಾಳ ಸೇರಿದ ಹಾಡು ಇದ ಹೌದಲ್ರೀ? ಒಬ್ರ ಇದ್ದಾಗ ಇದನ್ನ ಕೇಳ್ತಿದ್ರಿ" ಎಂದ.

"ಅದು ನಂದಲ್ಲಪಾ. ಆಕಿ ಹಾಡು" ಎಂದರು ಕಾಕಾ.

ಅವರ ಹೆಂಡತಿ ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ದಿನಗಳಲ್ಲಿ ಹಟ್ಟಿಗೆ ಬಂದಿರುತ್ತಿದ್ದುದು ನನಗೆ ನೆನಪಿದೆ. ಒಂದು ತಿಂಗಳು, ಬಹಳವೆಂದರೆ ಎರಡು. ರೊಟ್ಟಿ ಬಡಿಯುವ ಸದ್ದಿನ ಜೊತೆಗೆ ಆ ಹಾಡು ಮತ್ತೆ ಮತ್ತೆ ಬರುತ್ತಿತ್ತು. ಮುಗಿದೊಡನೆ ಟೇಪು ಹಿಂದಕ್ಕೆ ಓಡುವ ಕಿರ್ರೆಂಬ ಸದ್ದು, ಮತ್ತೆ ಅದೇ ಹಾಡು. ಆಕೆ ತೀರಿಕೊಂಡು ಎಂಟು ವರ್ಷವಾಯಿತು. ಸಾಲಿನ ಜನ ಅವರಿಗೆ 'ಏಕಾಂಗಿ' ಎಂದು ಹೆಸರಿಟ್ಟದ್ದು ಉಳಿದ ಹತ್ತು ತಿಂಗಳ ಲೆಕ್ಕದಲ್ಲಿ. ಆ ಹತ್ತು ತಿಂಗಳಲ್ಲಿ ಸವೆಯದ ಟೇಪು ಈ ಎರಡು ತಿಂಗಳಲ್ಲಿ ಸವೆದಿತ್ತು.

ಕೆಲಹೊತ್ತು ಯಾರೂ ಮಾತಾಡಲಿಲ್ಲ. ಕಾಲಕ್ಕಿಂತ ಮುಂದಿದ್ದ ಸಂಗೀತದ ಪ್ರಸ್ತಾಪ ಆ ದಿನ ಮತ್ತೆ ಬರಲಿಲ್ಲ. ಚಹಾ ಬಂತು, ಕುಡಿದೆವು. ಏಳುವ ಹೊತ್ತಿಗೆ ಎಂಜಿನಿಯರಿಂಗ್ ಹುಡುಗ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಇದನ್ನ ಫೋನಿಗೆ ಹಾಕ್ಕೊಂಡು ತಂದ್ ಕೊಡ್ತೀನ್ರಿ, ಕಾಕಾ."

"ಫೋನಿನ್ಯಾಗ ಮೊದಲ ಅದಾವಲ್ಲೋ, ಇದಕಿಂತ ಚಲೋ?"

"ಅದಾವ್ರಿ. ಆ ಹಾಡು ಹಿಂಗ ಇರೂದು ಬೇಕು."

ಕಾಕಾ ಕ್ಯಾಸೆಟ್ಟನ್ನು ಇಸಿದುಕೊಂಡರು. ಪೆನ್ಸಿಲಿನಿಂದ ಎರಡು ಸುತ್ತು ಬಿಗಿ ಮಾಡಿ, ಟವೆಲಿನಲ್ಲಿ ಮತ್ತೆ ಸುತ್ತಿ, ಅವನ ಕೈಗೆ ಕೊಟ್ಟರು.

"ಒಯ್ಯಿ. ಬಿಸಲಾಗ ಇಡಬ್ಯಾಡ."