ಝೆರಾಕ್ಸ್ ಅಂಗಡಿಯ ವಿಂಡೋಸ್ 7

ಪಹಣಿ ತೆಗೆಸಲು, ಸ್ಕಾಲರ್‌ಶಿಪ್ ಅರ್ಜಿ ಹಾಕಲು ಹೋದಾಗ ಅಂಗಡಿಯ ಕಂಪ್ಯೂಟರ್ ಎಷ್ಟು ಹಳೆಯದು ಎಂದು ನಾವ್ಯಾರೂ ಕೇಳುವುದಿಲ್ಲ. ನಾನು ಸುದ್ದಿ ಟೈಪ್ ಮಾಡಲು ಕೂರುವ ಅಂಗಡಿಯಲ್ಲಿ ಇವತ್ತಿಗೂ ವಿಂಡೋಸ್ 7 ಓಡುತ್ತಿದೆ. ಮೈಕ್ರೋಸಾಫ್ಟ್ ಅದರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ರ ಗಡುವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಊರವರ ಆಧಾರ್, ಪಾಸ್‌ಬುಕ್ ಎಲ್ಲ ಸ್ಕ್ಯಾನ್ ಆಗುವುದು ಇಂಥದ್ದರಲ್ಲೇ.

ಅಪ್‌ಡೇಟ್ ಇಲ್ಲದಿದ್ದರೆ ಏನಾಯ್ತು ಅನ್ನಬಹುದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ವಿಂಡೋಸ್ ಕಂಪ್ಯೂಟರ್‌ಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ರದ್ದಾದವು. ಆ ಕಿಂಡಿ ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಾದರೆ ವಿಂಡೋಸ್ 11 ಹಾಕಿಸಿ ಅಂದರೆ, ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಹಳೇ ಯಂತ್ರದಲ್ಲಿ ಅದಿಲ್ಲ. ಮ್ಯಾಕ್ ಮಾತು ಬಿಡಿ, ಬೆಲೆ ಕೇಳಿದರೆ ಅಂಗಡಿಯವರು ನಗುತ್ತಾರೆ. ಉಳಿಯುವುದು ಲಿನಕ್ಸ್. ಪುಕ್ಕಟೆ, ಉಬುಂಟುವಿನ ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಬರುತ್ತದೆ. ಪಾಸ್‌ವರ್ಡ್ ಕೊಡದೆ ಸಿಸ್ಟಮ್ ಒಳಗೆ ಕೈಯಾಡಿಸಲು ಅದು ಸುಲಭಕ್ಕೆ ಬಿಡದು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದೂ ಲಿನಕ್ಸ್‌ನಲ್ಲೇ.

ನಮ್ಮಲ್ಲಿ ಯಾಕಿಲ್ಲ? ನನಗೆ ಕಾಣುವ ದೊಡ್ಡ ಕಾರಣ ನುಡಿ. ಅದು ವಿಂಡೋಸ್‌ಗೆಂದು ಬಂದ ತಂತ್ರಾಂಶ. ಲಗ್ನಪತ್ರಿಕೆ, ಸಂಘದ ನಡಾವಳಿ, ಅರ್ಜಿ ನಮೂನೆ ಎಲ್ಲವೂ ಅದರ ಹಳೇ ಫಾಂಟ್‌ನಲ್ಲಿ ಕೂತಿವೆ. ಬೇರೆ ಕಡೆ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು. ಬೆರಳಿಗೆ ತೊಂದರೆಯಿಲ್ಲ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಆದರೆ ಹತ್ತಾರು ವರ್ಷದ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಿ ತಪ್ಪು ತಿದ್ದುತ್ತಾ ಕೂತರೆ ಆ ದಿನದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಬೆರಳಚ್ಚು ಯಂತ್ರಕ್ಕೆ ಲಿನಕ್ಸ್ ಡ್ರೈವರ್ ಸಿಗದಿದ್ದರೆ ಇನ್ನೊಂದು ತಲೆನೋವು. ಅವರನ್ನು ಸೋಮಾರಿ ಅನ್ನಲು ನನಗೆ ಮನಸ್ಸಿಲ್ಲ.

ಅಲ್ಲಿಯವರೆಗೆ, ಸ್ಕ್ಯಾನ್ ಮಾಡಿದ ಆಧಾರ್ ಪ್ರತಿಯನ್ನು ಕಣ್ಣೆದುರೇ ಅಳಿಸಲು ಹೇಳಿ, ರೀಸೈಕಲ್ ಬಿನ್‌ನಿಂದಲೂ. ಬ್ಯಾಂಕಿನ ಪಾಸ್‌ವರ್ಡ್ ಅಲ್ಲಿ ಒತ್ತಬೇಡಿ, ಆ ಕೆಲಸ ಫೋನಿನಲ್ಲೇ ಮಾಡಿ. ಅಂದಹಾಗೆ, ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಅದಕ್ಕೂ ಗಡುವಿದೆ: ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಎಂದು ಹುಡುಕಿ, ಎದುರಿಗಿರುವ ದಿನಾಂಕ ಯಾವ ವರ್ಷದ್ದು ನೋಡಿ.