ಆಟವನ್ನು ಕಟ್ಟುವವರು

ಆಟವೆಂಬುದು ಬಿಡುವಿನ ಕಾಲದ ವಿನೋದವೆಂದು ಲೋಕದಲ್ಲಿ ರೂಢಿ. ಆದರೆ ಒಬ್ಬರ ಬಿಡುವಿಗೆ ಒದಗುವ ಸಾಮಗ್ರಿಯು ಮತ್ತೊಬ್ಬರ ಬಿಡುವಿಲ್ಲದ ದುಡಿಮೆಯಿಂದ ಸಿದ್ಧವಾಗುವುದುಂಟೆಂಬುದು ನಮ್ಮ ಮನಸ್ಸಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ವಾಚಕರ ಮನೆಗಳಲ್ಲಿ ಮಕ್ಕಳು ಆಡುವ ವಿಡಿಯೋ ಆಟಗಳ ವಿಷಯವಾಗಿ ಎರಡು ಮಾತು ಬರೆಯಲು ಹೊರಟಿದ್ದೇವೆ. ಪ್ರೌಢಶಾಲೆಯಲ್ಲಿ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿ ವಿಶ್ರಾಂತರಾದ ನಮಗೆ ಇದರಲ್ಲಿ ಅಧಿಕಾರವೇನೆಂದು ಕೆಲವರು ಕೇಳಬಹುದು. ಆಟದಲ್ಲಿ ನಮಗೆ ಅಧಿಕಾರವಿಲ್ಲ, ನಿಜ. ಆದರೆ ಕೂಲಿ, ಕರ್ತೃತ್ವ, ಪಾಪದ ಹಂಚಿಕೆ ಎಂಬ ವಿಷಯಗಳು ಹೊಸವಲ್ಲ. ಅವುಗಳ ಮೇಲೆ ನಮ್ಮ ಹಿರಿಯರು ಬಹುವಾಗಿ ವಿಚಾರ ಮಾಡಿದ್ದಾರೆ.

ಇವು ಕಲೆಯೇ ಅಲ್ಲವೆನ್ನುವವರೊಡನೆ ನಾವು ವಾದಕ್ಕೆ ನಿಲ್ಲುವುದಿಲ್ಲ. 2018ನೆಯ ಅಕ್ಟೋಬರ್ 26ರಂದು ಹೊರಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಆಟವನ್ನು ನಮ್ಮ ಕಿರಿಯ ಮಗಳು ನಮಗೆ ತೋರಿಸಿದಳು. 1899ರ ಅಮೆರಿಕದ ಪಶ್ಚಿಮ ಸೀಮೆಯ ದರೋಡೆಗಾರರ ಕಥೆ ಅದು; ವಯಸ್ಕರಿಗೆ ಮಾತ್ರ ತಕ್ಕುದು, ಚಿಕ್ಕ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಕುದುರೆಯು ಹಿಮದಲ್ಲಿ ನಡೆದರೆ ಗೊರಸಿನ ಗುರುತು ಉಳಿಯುವುದು. ಕಥಾನಾಯಕನು ಕ್ಷೌರ ಮಾಡಿಕೊಳ್ಳದಿದ್ದರೆ ದಿನಗಳು ಕಳೆದಂತೆ ಗಡ್ಡ ಬೆಳೆಯುವುದು. ಸಂಜೆಯ ಬಿಸಿಲು ಹುಲ್ಲಿನ ತುದಿಯ ಮೇಲೆ ಬೀಳುವ ಬಗೆಯನ್ನು ನೋಡಿ ನಾವು ಕನ್ನಡಕವನ್ನು ಒರಸಿಕೊಂಡೆವು. ಚಿತ್ರ, ಸಂಗೀತ, ಅಭಿನಯ, ವಾಸ್ತು, ಕಥನ ಎಲ್ಲವೂ ಒಂದೆಡೆ ಕೂಡಿವೆ. ಒಂದೊಂದು ಹುಲ್ಲುಕಡ್ಡಿಯ ಹಿಂದೆಯೂ ಒಬ್ಬ ಮನುಷ್ಯನ ಕೈಯಿದೆ.

ಆ ಕೈಗಳ ಪಾಡೇನು? ಆಟವು ಹೊರಬರುವುದಕ್ಕೆ ಕೆಲವು ದಿನಗಳ ಮೊದಲು ಅದನ್ನು ನಿರ್ಮಿಸಿದ ರಾಕ್‌ಸ್ಟಾರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡ್ಯಾನ್ ಹೌಸರ್ ಎಂಬವರು, ವಾರಕ್ಕೆ 100 ಗಂಟೆ ಕೆಲಸ ಮಾಡಿದ್ದುಂಟೆಂದು ಪತ್ರಿಕೆಯೊಂದಕ್ಕೆ ಹೆಮ್ಮೆಯಿಂದ ಹೇಳಿದರು. ಗದ್ದಲವೆದ್ದಿತು. ಅದು ತಮ್ಮನ್ನು ಸೇರಿಸಿ ನಾಲ್ಕು ಜನ ಹಿರಿಯ ಬರೆಹಗಾರರು ಮೂರು ವಾರ ಪಟ್ಟ ಶ್ರಮವೆಂದು ಬಳಿಕ ಅವರು ವಿವರಿಸಿದರು. ಆದರೂ ಅನೇಕ ನೌಕರರು, ತಿಂಗಳುಗಟ್ಟಲೆ ರಾತ್ರಿಗಳನ್ನೂ ಶನಿವಾರಗಳನ್ನೂ ಕಳೆದುಕೊಂಡುದನ್ನು ಪತ್ರಿಕೆಯವರಿಗೆ ತಿಳಿಸಿದರು. ಮೊದಲ ಮೂರು ದಿನಗಳಲ್ಲಿ ಆ ಆಟದ ಮಾರಾಟ 72.5 ಕೋಟಿ ಡಾಲರು! ಇಂಥ ದುಡಿಮೆಗೆ ಆ ಉದ್ಯಮದವರು ಇಟ್ಟಿರುವ ಹೆಸರು ‘ಕ್ರಂಚ್’, ಎಂದರೆ ಹಲ್ಲಿನಿಂದ ಕಟಕಟನೆ ಅಗಿಯುವುದು. ಶಬ್ದಾರ್ಥವನ್ನು ಕೆದಕುವುದು ನಮ್ಮ ಹಳೆಯ ಚಾಳಿ; ಅಗಿಯುವವರು ಯಾರು, ಅಗಿಸಿಕೊಳ್ಳುವವರು ಯಾರು ಎಂಬುದನ್ನು ವಾಚಕರೇ ಊಹಿಸಬಹುದು.

ಗೃಹಿಣಿಯರು ಇಲ್ಲೊಂದು ಸಂಗತಿಯನ್ನು ತಿಳಿಯತಕ್ಕದ್ದು. ಈ ಅನ್ಯಾಯವನ್ನು ಲೋಕದ ಕಣ್ಣಿಗೆ ಬೀಳಿಸಿದವರಲ್ಲಿ ಮೊದಲಿಗಳು ನೌಕರಳಲ್ಲ, ನೌಕರನೊಬ್ಬನಿಗೆ ನಿಶ್ಚಿತಾರ್ಥವಾಗಿದ್ದ ಹೆಣ್ಣುಮಗಳು. ಎರಿನ್ ಹಾಫ್‌ಮನ್ ಎಂಬಾಕೆ 2004ನೆಯ ನವೆಂಬರಿನಲ್ಲಿ ಹೆಸರು ಹಾಕದೆ ಒಂದು ಬಹಿರಂಗಪತ್ರವನ್ನು ಬರೆದಳು. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯಲ್ಲಿ ತನ್ನ ಭಾವಿ ಪತಿಯು ವಾರದ ಏಳು ದಿನವೂ ದುಡಿಯುತ್ತಿದ್ದುದನ್ನೂ, ಅದಕ್ಕೆ ಹೆಚ್ಚಿನ ಕೂಲಿಯಾಗಲಿ ರಜೆಯಾಗಲಿ ಇಲ್ಲದುದನ್ನೂ, ಆತನು ತಲೆನೋವು ಹೊಟ್ಟೆನೋವುಗಳೊಡನೆ ಮನೆಗೆ ಬರುತ್ತಿದ್ದುದನ್ನೂ ತಿಳಿಸಿದಳು. ನ್ಯಾಯಾಲಯದಲ್ಲಿ ದಾವೆಗಳು ನಡೆದು ಆ ಸಂಸ್ಥೆಯು ಚಿತ್ರಕಾರರಿಗೆ 1.56 ಕೋಟಿ ಡಾಲರುಗಳನ್ನೂ, ಕ್ರಮವಿಧಿ ಬರೆಯುವವರಿಗೆ 1.49 ಕೋಟಿ ಡಾಲರುಗಳನ್ನೂ ಕೊಟ್ಟು ರಾಜಿಯಾಗಬೇಕಾಯಿತು. ಊಟದ ತಟ್ಟೆಯ ಮುಂದೆ ಕಾದು ಕುಳಿತವಳ ಲೇಖನಿಗೆ ಇಷ್ಟು ಶಕ್ತಿ!

ಕೂಲಿಯ ಮಾತು ಹೀಗಾದರೆ ಹೆಸರಿನ ಮಾತು ಇನ್ನೊಂದು. ಅಟಾರಿ ಎಂಬ ಅಮೆರಿಕದ ಸಂಸ್ಥೆಯಲ್ಲಿ ವಾರೆನ್ ರಾಬಿನೆಟ್ ಎಂಬ ತರುಣನು ‘ಅಡ್ವೆಂಚರ್’ ಎಂಬ ಆಟವನ್ನು ಒಬ್ಬನೇ ನಿರ್ಮಿಸಿದನು. 1980ರ ಸುಮಾರಿಗೆ ಅದು ಮಾರಾಟಕ್ಕೆ ಬಂದು ಸುಮಾರು ಹತ್ತು ಲಕ್ಷ ಪ್ರತಿಗಳು ಹೋದುವು. ಸಂಬಳವಲ್ಲದೆ ಅವನಿಗೆ ಬೇರೆ ಪಾಲಿಲ್ಲ. ಪೆಟ್ಟಿಗೆಯ ಮೇಲೆ ಹೆಸರೂ ಇಲ್ಲ, ಏಕೆಂದರೆ ಕರ್ತೃವಿನ ಹೆಸರು ಹಾಕಬಾರದೆಂಬುದು ಅಲ್ಲಿಯ ನಿಯಮ. ಅವನೇನು ಮಾಡಿದನು? ಆಟದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೂದುಬಣ್ಣದ ಒಂದು ಚುಕ್ಕೆಯನ್ನು ಬಚ್ಚಿಟ್ಟನು. ಅದನ್ನು ಹುಡುಕಿ ಹೊತ್ತು ತಂದವನಿಗೆ ಗೋಡೆ ದಾರಿ ಬಿಡುವುದು. ಒಳಗಿನ ಗುಪ್ತ ಕೋಣೆಯಲ್ಲಿ ಇದನ್ನು ನಿರ್ಮಿಸಿದವನು ವಾರೆನ್ ರಾಬಿನೆಟ್ ಎಂಬ ಅಕ್ಷರಗಳು ಬೆಳಗುವುವು. ಅವನು ಕೆಲಸ ಬಿಟ್ಟುಹೋದ ಬಳಿಕ ಬಾಲಕನೊಬ್ಬನು ಅದನ್ನು ಕಂಡುಹಿಡಿದು ಸಂಸ್ಥೆಗೆ ಪತ್ರ ಬರೆದನಂತೆ. ಅದೇ ಸಂಸ್ಥೆಯ ನಾಲ್ವರು 1979ರಲ್ಲಿ ಹೊರಬಂದು ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದುದಕ್ಕೂ ಹೆಸರು ಹಣಗಳ ಈ ಕೊರಗೇ ಕಾರಣವಾಯಿತು.

ಇದನ್ನು ಓದಿದಾಗ ನಮಗೆ ಬೇಲೂರಿನ ಮದನಿಕೆಗಳು ನೆನಪಾದುವು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರನ್ನೂ ಅವನ ಮಗ ಚಾವಣನ ಹೆಸರನ್ನೂ ತೋರಿಸುತ್ತಿದ್ದೆವು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರನ್ನೂ ತೋರಿಸುತ್ತಿದ್ದೆವು. ಅವರು ಗುಪ್ತ ಕೋಣೆಯಲ್ಲಿ ಬಚ್ಚಿಟ್ಟು ಬರೆಯಬೇಕಾಗಿರಲಿಲ್ಲ. ಎಂಟುನೂರು ವರ್ಷ ಹಿಂದಿನ ಕಲ್ಲುಕುಟಿಗನಿಗೆ ದೊರೆತ ಮನ್ನಣೆಯು ಇಪ್ಪತ್ತನೆಯ ಶತಮಾನದ ಕುಶಲನಿಗೆ ದೊರೆಯಲಿಲ್ಲವೆಂಬುದು ಸೋಜಿಗವಲ್ಲವೆ? ಈಗ ಆಟದ ಕೊನೆಯಲ್ಲಿ ಸಾವಿರಾರು ಹೆಸರುಗಳು ತೆರೆಯ ಮೇಲೆ ಸಾಗುವುದುಂಟು. ಆದರೂ ಕೆಲಸ ಮುಗಿಯುವ ಮುನ್ನ ಬಿಟ್ಟುಹೋದವರನ್ನು ಆ ಪಟ್ಟಿಯಿಂದ ಬಿಡುವ ಪದ್ಧತಿ ಕೆಲವೆಡೆ ಇದೆ. ಆಯಾಸಗೊಂಡು ಹೋದವನ ಹುಲ್ಲುಕಡ್ಡಿ ಉಳಿಯುವುದು, ಹೆಸರು ಅಳಿಯುವುದು.

ಇದೆಲ್ಲ ದೂರದೇಶದ ಮಾತೆಂದು ವಾಚಕರು ಭಾವಿಸಬಾರದು. ಬೆಂಗಳೂರಿನಲ್ಲಿ 1997ರಲ್ಲಿಯೇ ರಾಜೇಶ್ ರಾವ್ ಎಂಬವರು ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಪರದೇಶದ ಆಟಗಳಿಗೆ ಚಿತ್ರ ಒದಗಿಸುವ ಉದ್ಯಮವನ್ನು ಬೆಳೆಸಿದರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆಯೇ 79 ಲಕ್ಷ ಡಾಲರುಗಳಿಗೆ ಕೊಂಡಿತು. ಇಂಥ ಕಾರ್ಯಾಲಯಗಳು ನಮ್ಮ ರಾಜಧಾನಿಯಲ್ಲಿ ಇನ್ನೂ ಹಲವಿವೆ. ಮೇಲೆ ಹೇಳಿದವುಗಳಲ್ಲಿ ಸೇರದ ಮತ್ತೊಂದು ಕಡೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇದ್ದನು. ಎರಡು ವರ್ಷ ಅವನು ಬರೆದುದು ಕಲ್ಲುಬಂಡೆಗಳನ್ನೂ ಜೀನುಗಳನ್ನೂ ಬಾಗಿಲ ಚಿಲಕಗಳನ್ನೂ. “ಮೇಷ್ಟ್ರೇ, ಅದು ಯಾವ ಆಟದ ಬಂಡೆಯೆಂದು ನಮ್ಮ ತಾಯಿಗೆ ಹೇಳುವ ಹಾಗೂ ಇರಲಿಲ್ಲ, ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿದ್ದೆ” ಎಂದನು. ಕೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದನು. ಕೆಲಸದ ಮೇಲಿನ ಪ್ರೀತಿ ಮಾತ್ರ ಅವನಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ಯಜಮಾನರು ಬಡ್ಡಿಯಿಲ್ಲದೆ ಎತ್ತಿಕೊಳ್ಳುವ ಸಾಲವು ಈ ಪ್ರೀತಿಯೇ ಎಂದು ನಮಗೆ ತೋರಿತು.

ಇಷ್ಟನ್ನೆಲ್ಲ ನಾವು ವಿಚಾರಿಸಲು ಕಾರಣವಿದೆ. ನಮ್ಮ ಮಗಳು ಚಿತ್ರಕಲೆಯನ್ನು ಅಭ್ಯಾಸ ಮಾಡಿ, ಇಂಥದೇ ಒಂದು ಕಡೆ ಕೆಲಸಕ್ಕೆ ಸೇರುವೆನೆನ್ನುತ್ತಾಳೆ. ನಡುರಾತ್ರಿ ಮನೆಗೆ ಬರುವ ಕೆಲಸ ಬೇಡವೆಂದು ನಮ್ಮ ಮನೆಯವರ ಹಟ. ಅಣ್ಣನಾದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಆಟಗಳನ್ನು ಕೊಳ್ಳುವುದೇ ಪಾಪ, ಮನೆಯಲ್ಲಿ ಅವು ಬೇಡವೆಂದನು.

ಪಾಪದ ಮಾತು ಬಂದಾಗ ಮನುಸ್ಮೃತಿಯ ಐದನೆಯ ಅಧ್ಯಾಯ ನಮ್ಮ ನೆನಪಿಗೆ ಬಂದಿತು. (ಸ್ತ್ರೀಯರನ್ನೂ ಶೂದ್ರರನ್ನೂ ಕುರಿತ ಅದರ ವಿಧಿಗಳನ್ನು ನಾವು ಒಪ್ಪಿದವರಲ್ಲ.) ಮಾಂಸದ ವಿಚಾರದಲ್ಲಿ ಅದು ಕೊಂದವನೊಬ್ಬನನ್ನೇ ಅಲ್ಲ, ಒಪ್ಪಿದವನನ್ನೂ ಕೊಂಡವನನ್ನೂ ಬಡಿಸಿದವನನ್ನೂ ತಿಂದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಕೊಳ್ಳುವವನಿಗೆ ಪಾಲಿಲ್ಲವೆನ್ನಲು ನಮ್ಮಿಂದಾಗದು. ಆದರೆ ಮಾಂಸಕ್ಕೆ ವಧೆ ಅನಿವಾರ್ಯ. ಆಟಕ್ಕೆ ಜಾಗರಣೆ ಅನಿವಾರ್ಯವಲ್ಲ. ಜಾಗರಣೆಯು ಬರುವುದು ಅವಸರದಿಂದ, ಮತ್ತು ಆ ಅವಸರದಲ್ಲಿ ಕೊಳ್ಳುವವನ ಪಾಲು ದೊಡ್ಡದು. ಪೋಲೆಂಡ್ ದೇಶದ ‘ಸೈಬರ್‌ಪಂಕ್ 2077’ ಎಂಬ ಆಟವನ್ನು ನೋಡಿರಿ. ಬಲವಂತದ ಹೆಚ್ಚು ದುಡಿಮೆ ಇರಕೂಡದೆಂದು ಮಾತು ಕೊಟ್ಟಿದ್ದ ಸಂಸ್ಥೆಯು 2020ರಲ್ಲಿ ವಾರಕ್ಕೆ ಆರು ದಿನದ ಕೆಲಸವನ್ನು ವಿಧಿಸಿತು. ಅಕ್ಟೋಬರಿನಲ್ಲಿ ದಿನಾಂಕವನ್ನು ಮತ್ತೊಮ್ಮೆ ಮುಂದೂಡಿದಾಗ ಆಟಗಾರರಲ್ಲಿ ಕೆಲವರು ನಿರ್ಮಿಸುವವರಿಗೆ ಕೊಲೆಬೆದರಿಕೆಯ ಸಂದೇಶಗಳನ್ನು ಕಳುಹಿಸಿದರು! ಡಿಸೆಂಬರ್ 10ರಂದು ಹೊರಬಂದ ಆಟವು ದೋಷಗಳಿಂದ ತುಂಬಿತ್ತು. ಒಂದು ವಾರದೊಳಗಾಗಿ ಸೋನಿ ಸಂಸ್ಥೆಯು ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು.

ಕೊಳ್ಳದೆ ಬಿಟ್ಟರೆ ಆಯಿತೆ? ಮಾರಾಟ ಕುಗ್ಗಿದರೆ ಮೊದಲು ಮನೆಗೆ ಹೋಗುವವನು ಬಂಡೆ ಬರೆಯುವವನೇ ಹೊರತು ಯಜಮಾನನಲ್ಲ. ಮಾರಾಟ ಹೆಚ್ಚಿದರೂ ಅವನಿಗೆ ಭರವಸೆಯಿಲ್ಲ: ಮೈಕ್ರೋಸಾಫ್ಟ್ ಸಂಸ್ಥೆಯು 2023ರ ಅಕ್ಟೋಬರಿನಲ್ಲಿ 6,870 ಕೋಟಿ ಡಾಲರುಗಳಿಗೆ ಆಕ್ಟಿವಿಷನ್ನನ್ನು ಕೊಂಡು, 2024ರ ಜನವರಿಯಲ್ಲಿ ಆಟದ ವಿಭಾಗದಿಂದ 1,900 ಜನರನ್ನು ಬಿಡಿಸಿತು. ದುಡಿಯುವವರು ತಾವೇ ಸಂಘ ಕಟ್ಟುವುದರಲ್ಲಿ ನಮಗೆ ಹೆಚ್ಚು ನಂಬಿಕೆ. ಅಮೆರಿಕದ ರೇವನ್ ಸಾಫ್ಟ್‌ವೇರ್ ಎಂಬಲ್ಲಿ ಆಟದ ದೋಷ ಹುಡುಕುವ ಕೆಲವೇ ಜನರು 2022ನೆಯ ಮೇ ತಿಂಗಳಲ್ಲಿ ಮತ ಹಾಕಿ ಸಂಘ ಮಾಡಿಕೊಂಡರು. ಯಂತ್ರವು ತಮ್ಮ ಧ್ವನಿಯನ್ನು ಅನುಕರಿಸಿ ತಮ್ಮ ಅನ್ನ ಕಸಿಯದಿರಲೆಂದು ಅಲ್ಲಿಯ ಧ್ವನಿನಟರು 2024ರ ಜುಲೈಯಲ್ಲಿ ಮುಷ್ಕರ ಹೂಡಿ 2025ರಲ್ಲಿ ಒಪ್ಪಂದ ಪಡೆದರು.

ಹೀಗಾಗಿ ಮಗನಿಗೆ ನಾವು ಹೇಳಿದುದಿಷ್ಟು: ಆಟಗಳು ಮನೆಯಲ್ಲಿರಲಿ, ಹೊರಬಂದ ದಿನವೇ ಕೊಳ್ಳುವ ಆತುರ ಬೇಡ, ಮುಂದೂಡಿದರೆಂದು ಸಿಟ್ಟಾಗುವುದು ಬೇಡ, ಆಡಿ ಮುಗಿದ ಮೇಲೆ ಕೊನೆಯ ಹೆಸರುಗಳು ಸಾಗುವಾಗ ಯಂತ್ರವನ್ನು ಆರಿಸದೆ ಕುಳಿತು ಓದು. ಮಗಳ ಕರಾರುಪತ್ರವನ್ನು ತರಿಸಿಕೊಂಡು ಭಾಷ್ಯವನ್ನು ಓದುವಂತೆ ಪದಪದವಾಗಿ ಅವಳೊಡನೆ ಓದಿದೆವು. ಹನ್ನೊಂದು ಪುಟಗಳಲ್ಲಿ ಗುಟ್ಟು ಕಾಯುವ ವಿಧಿ ನಾಲ್ಕು ಪುಟ. ಕೆಲಸದ ವೇಳೆಯನ್ನು ಕುರಿತು ‘ಅವಶ್ಯವಿರುವಷ್ಟು’ ಎಂಬ ಒಂದೇ ಮಾತು. ಆ ಮಾತಿನ ಕೆಳಗೆ ಕೆಂಪು ಮಸಿಯಿಂದ ಗೆರೆ ಎಳೆದು, ಎಷ್ಟು ಗಂಟೆ, ಹೆಚ್ಚಿನ ದುಡಿಮೆಗೆ ಏನು ಕೊಡುವಿರಿ, ನಡುವೆ ಬಿಟ್ಟರೂ ಹೆಸರು ಹಾಕುವಿರೋ ಎಂಬ ಮೂರು ಪ್ರಶ್ನೆಗಳನ್ನು ಅವಳಿಂದಲೇ ಬರೆಯಿಸಿ ಕಳುಹಿಸಿದೆವು. ಮೊದಲೆರಡಕ್ಕೆ ಉತ್ತರ ಬಂದಿದೆ. ರಾತ್ರಿ ಎಂಟರ ಮೇಲೆ ನಿಲ್ಲಿಸಿದರೆ ಮನೆಯವರೆಗೆ ವಾಹನವನ್ನೂ ಒಪ್ಪಿದ್ದಾರೆ. ಮೂರನೆಯದಕ್ಕೆ ಇನ್ನೂ ಬಂದಿಲ್ಲ. “ಅದು ಬರುವತನಕ ಸಹಿ ಹಾಕಬೇಡ ಮಗೂ” ಎಂದು ಹೇಳಿದವರು ನಾವಲ್ಲ, ಅವಳ ತಾಯಿ.